ಫೈಬರ್ ಕೊಳೆಯಲ್ಲ, ಒಳಗಿನ ಮರ ಕೊಳೆಯುತ್ತೆ: ಹಳೇ ಬೋಟಿನ ಲಡ್ಡು ತೆಗೆಯೋದು ಹೇಗೆ?

ವಿಡಿಯೋದಲ್ಲಿ ಗ್ರೈಂಡರ್ ಸದ್ದಿನ ನಡುವೆ ಮಾತು ಸರಿಯಾಗಿ ಕೇಳಿಸಲಿಲ್ಲ ಅಂತ ಕೆಲವರು ಹೇಳಿದ್ರು. ಹಾಗಾಗಿ ಆಡಿದ ಮಾತನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಳತೆಗಳನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ನಮ್ಮೂರಿನ ಹೆಸರು ಸಾಗರ. ಆದ್ರೆ ನಾನು ಸಮುದ್ರದ ಪಕ್ಕ ಬದುಕಿದ್ದು ಸುರತ್ಕಲ್‌ಗೆ ಎಂಟೆಕ್ ಓದಕ್ಕೆ ಹೋದ ಮೇಲೆಯೇ. ಆಮೇಲೆ ಕೆಲಸ ಮುಂಬೈಗೆ ತಂದು ಹಾಕಿತು. ಇಲ್ಲಿ ನಾವು ನಾಲ್ಕು ಜನ, ಎಲ್ಲರೂ ಐಟಿಯವರೇ, ಸೇರಿ ಒಂದು 22 ಅಡಿ ಉದ್ದದ ಹಳೇ ಫೈಬರ್‌ಗ್ಲಾಸ್ ಹಾಯಿದೋಣಿ ಕೊಂಡೆವು. ವಯಸ್ಸು ಮೂವತ್ತು ದಾಟಿದೆ, ಅಂದ್ರೆ ಹೆಚ್ಚುಕಡಿಮೆ ನನ್ನ ಓರಗೆ. ಹಿಂದುಗಡೆ ಒಂದು ಔಟ್‌ಬೋರ್ಡ್ ಎಂಜಿನ್. ಹೊರಗಿನಿಂದ ಬಿಳಿ ಬಣ್ಣ ಫಳಫಳ. ಎಂಜಿನ್ ಕೂರುವ ಹಿಂಬದಿಯ ನೆಟ್ಟನೆ ಗೋಡೆಗೆ ಟ್ರಾನ್ಸಮ್ ಅಂತಾರೆ. ಎಂಜಿನ್ ಹಿಡಿದು ಅಲ್ಲಾಡಿಸಿದ್ರೆ ಆ ಗೋಡೆ ಕೂದಲೆಳೆಯಷ್ಟು ಅಲುಗುತ್ತಿತ್ತು.

ಆ ಕೂದಲೆಳೆಯೇ ಇವತ್ತಿನ ವಿಷಯ. ನಾವು ಮಾಂಡ್ವಾ ಕಡೆ ದಾಟುವಾಗ ದೊಡ್ಡ ಹಡಗುಗಳ ದಾರಿಯನ್ನು ಅಡ್ಡ ಹಾಯಬೇಕು. ಗಾಳಿ ಬಿದ್ದು ಹೋದ ಹೊತ್ತಲ್ಲಿ ಎಂಜಿನ್ ಒಂದೇ ಗತಿ. ಸುಮಾರು 40 ಕೆಜಿ ಭಾರದ ಎಂಜಿನ್ ಅಲ್ಲಿ ನೇತಾಡ್ತಾ ಇಡೀ ಬೋಟನ್ನು ತಳ್ಳುತ್ತೆ. ಅಲ್ಲಿನ ಮರ ಪುಡಿಯಾಗಿದ್ದರೆ ಎಂಜಿನ್ನು ಗೋಡೆಯ ಸಮೇತ ನೀರಿಗೆ ಹೋಗುತ್ತೆ, ಆ ತೂತಿನಿಂದ ನೀರು ಒಳಗೆ ಬರುತ್ತೆ. ನಮ್ಮಲ್ಲಿ ಇಬ್ಬರು ಮಕ್ಕಳನ್ನೂ ಕರ್ಕೊಂಡು ಬರ್ತಾರೆ.

ಫೈಬರ್ ಬೋಟಲ್ಲಿ ಮರ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಫೈಬರ್‌ಗ್ಲಾಸ್ ಅಂದ್ರೆ ಗಾಜಿನ ನೂಲಿನ ಬಟ್ಟೆ ಮತ್ತು ಅದನ್ನು ಹಿಡಿದಿಡುವ ರೆಸಿನ್. ಎಳೆದರೆ ಹರಿಯಲ್ಲ, ಗಟ್ಟಿ. ಆದ್ರೆ ತೆಳುವಾಗಿದ್ದರೆ ಬಗ್ಗುತ್ತೆ. ಬಗ್ಗದ ಹಾಗೆ ಮಾಡ್ಬೇಕಾದ್ರೆ ದಪ್ಪ ಮಾಡ್ಬೇಕು. ಪೂರ್ತಿ ಗಾಜಿನಲ್ಲೇ ದಪ್ಪ ಮಾಡಿದ್ರೆ ತೂಕ, ಖರ್ಚು ಎರಡೂ ಏರುತ್ತೆ. ಒಂದು ಹಲಗೆಯ ದಪ್ಪ ಎರಡು ಪಟ್ಟಾದರೆ ಬಗ್ಗದ ಗುಣ ಎಂಟು ಪಟ್ಟಾಗುತ್ತೆ, ಇದು ಪಿಯುಸಿ ಭೌತಶಾಸ್ತ್ರಕ್ಕಿಂತ ಸ್ವಲ್ಪ ಮುಂದಿನ ಲೆಕ್ಕ. ಹಾಗಾಗಿ ಕಟ್ಟುವವರು ಎರಡು ತೆಳು ಗಾಜಿನ ಪದರಗಳ ನಡುವೆ ಹಗುರವಾದ ಏನನ್ನಾದರೂ ತುಂಬುತ್ತಾರೆ. ಹಳೇ ಬೋಟುಗಳಲ್ಲಿ ಅದು ಬಹುಪಾಲು ಬಾಲ್ಸಾ ಮರ ಅಥವಾ ಪ್ಲೈವುಡ್. ನಮ್ಮದರಲ್ಲಿ ಡೆಕ್ಕಿನೊಳಗೆ 12 ಮಿ.ಮೀ ಪ್ಲೈವುಡ್, ಟ್ರಾನ್ಸಮ್ಮಿನೊಳಗೆ 18 ಮಿ.ಮೀ.ನ ಎರಡು ಪ್ಲೈವುಡ್ ಅಂಟಿಸಿ ಒಟ್ಟು 36.

ಇಲ್ಲಿ ಮರದ ಕೆಲಸ ಬರೀ ಜಾಗ ತುಂಬೋದಲ್ಲ. ಎರಡು ಪದರಗಳು ಒಂದರ ಮೇಲೊಂದು ಜಾರದ ಹಾಗೆ ಹಿಡಿದಿಡೋದೇ ಅದರ ಕೆಲಸ. 200 ಪುಟದ ನೋಟ್‌ಬುಕ್ ತಗೊಂಡು ಬಗ್ಗಿಸಿ ನೋಡಿ, ಸಲೀಸಾಗಿ ಬಗ್ಗುತ್ತೆ, ಯಾಕಂದ್ರೆ ಹಾಳೆಗಳು ಜಾರ್ತವೆ. ಎಲ್ಲಾ ಹಾಳೆಗೂ ಗೋಂದು ಹಚ್ಚಿ ಒಣಗಿಸಿದ್ರೆ ಅದೇ ಪುಸ್ತಕ ಮಣೆ ಆಗುತ್ತೆ. ಮರ ಕೊಳೆತ ಡೆಕ್ ಅಂದ್ರೆ ಮಣೆ ವಾಪಸ್ ಪುಸ್ತಕ ಆದ ಹಾಗೆ. ಹೊರಗೆ ಏನೂ ಕಾಣಲ್ಲ, ಕಾಲಿಟ್ಟಾಗ ಮೆತ್ತಗೆ ಒಂಚೂರು ಕುಸಿಯುತ್ತೆ ಅಷ್ಟೇ.

ಇನ್ನು ಕೊಳೆಯೋದು ಯಾಕೆ? ಇದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಬೇಲಿ ಗೂಟ ಎಲ್ಲಿ ಲಡ್ಡಾಗುತ್ತೆ? ಮಣ್ಣಿನ ಆಳದಲ್ಲೂ ಅಲ್ಲ, ಮೇಲಿನ ತುದಿಯಲ್ಲೂ ಅಲ್ಲ, ನೆಲಮಟ್ಟದಲ್ಲಿ. ಹಳೇ ಮನೆಯ ತೊಲೆ ನಡುವಲ್ಲಿ ಕಬ್ಬಿಣದ ಹಾಗಿರುತ್ತೆ, ಮಣ್ಣಿನ ಗೋಡೆಯೊಳಗೆ ಹೂತ ತುದಿ ಮಾತ್ರ ಬೆರಳಲ್ಲಿ ಉದುರುತ್ತೆ. ಮರವನ್ನು ತಿನ್ನೋದು ನೀರಲ್ಲ, ಶಿಲೀಂಧ್ರ. ನಾಯಿಕೊಡೆಯ ಬಳಗದ್ದು. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು, ಬೆಚ್ಚಗಿನ ಹವೆಯೂ ಬೇಕು. ಮರದ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲ್ಲ. ಪೂರ್ತಿ ನೀರಲ್ಲಿ ಮುಳುಗಿದ್ದರೆ ಉಸಿರಿಲ್ಲದೆ ಬೆಳೆಯಲ್ಲ. ಇವೆರಡರ ನಡುವೆ, ಒದ್ದೆಯೂ ಇದೆ ಗಾಳಿಯೂ ಇದೆ ಅನ್ನೋ ಜಾಗವೇ ಅದರ ಮನೆ. ಮುಂಬೈ ಹವೆಯಂತೂ ಅದಕ್ಕೆ ವರ್ಷಪೂರ್ತಿ ಹಬ್ಬ.

ಇನ್ನೊಂದು ವಿಷಯ ನನಗೆ ಬಹಳ ರುಚಿಸಿದ್ದು. ಸಮುದ್ರದ ಉಪ್ಪು ನೀರಿಗಿಂತ ಮಳೆ ನೀರು ಬೋಟಿನ ಮರಕ್ಕೆ ಹೆಚ್ಚು ಅಪಾಯ. ಉಪ್ಪು ಈ ಶಿಲೀಂಧ್ರಗಳನ್ನು ಅಡಗಿಸುತ್ತೆ. ಉಪ್ಪಿನಕಾಯಿ ಹಾಕೋ ಅಮ್ಮಂದಿರಿಗೆ ಈ ವಿದ್ಯೆ ಗೊತ್ತು. ಹಾಗಾಗಿ ಬೋಟು ಕೊಳೆಯೋದು ತಳದಿಂದ ಅಲ್ಲ, ಮೇಲಿಂದ. ಅಲೆ ಬಡಿಯೋ ಕಡೆಯಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ದಡದ ಮೇಲೆ 'ಕ್ಷೇಮವಾಗಿ' ನಿಂತಾಗ.

ಮೇಲಿಂದ ನೀರು ಒಳಗೆ ಇಳಿಯೋದು ಎಲ್ಲಿ? ತೂತುಗಳಲ್ಲಿ. ಇದೊಂದು ಮಾತು ತಲೆಯಲ್ಲಿ ಉಳಿದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥ ಆಗುತ್ತೆ. ಗಾಜಿನ ಪದರ ಸಾಮಾನ್ಯವಾಗಿ ತಾನಾಗಿ ಸೋರಲ್ಲ. ಆದ್ರೆ ಹಗ್ಗ ಕಟ್ಟುವ ಕ್ಲೀಟ್, ರೇಲಿಂಗ್ ಕಂಬ, ಎಂಜಿನ್ನಿನ ನಟ್ಟು ಬೋಲ್ಟು, ಸಾಲದ್ದಕ್ಕೆ ಯಾರೋ ಹೋದ ವರ್ಷ ಮೊಬೈಲ್ ಹೋಲ್ಡರ್‌ಗೆ ಹಾಕಿದ ಎರಡು ಸ್ಕ್ರೂ, ಇವೆಲ್ಲ ಮರದ ತನಕ ಹೋಗುವ ದಾರಿಗಳು. ತೂತಿಗೆ ಮೆತ್ತಿದ ಸೀಲಂಟ್ ಕೆಲವು ವರ್ಷಕ್ಕೆ ಬಿರಿಯುತ್ತೆ. ಪ್ಲೈವುಡ್ಡಿನ ಅಂಚು ಅದರ ಮುಖಕ್ಕಿಂತ ಎಷ್ಟೋ ಪಾಲು ಬೇಗ ನೀರು ಹೀರುತ್ತೆ, ತೂತು ಕೊರೆದಾಗ ತೆರೆದುಕೊಳ್ಳೋದು ಆ ಅಂಚೇ. ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿ ಇಲ್ಲ, ಎರಡೂ ಕಡೆ ಗಾಜು. ತೊಲೆಯ ತುದಿ ಮಣ್ಣಿನ ಗೋಡೆಯಲ್ಲಿ ಸಿಕ್ಕಿದ್ದ ಹಾಗೇ.

ಮೊದಲು ಎಷ್ಟು ಹಾಳಾಗಿದೆ ಅಂತ ಕಂಡುಹಿಡಿಯಬೇಕು. ಇದಕ್ಕೆ ಬೇಕಾದ ಉಪಕರಣ ಒಂದು ಪ್ಲಾಸ್ಟಿಕ್ ತಲೆಯ ಸುತ್ತಿಗೆ, ಅದಿಲ್ಲದಿದ್ದರೆ 10 ರೂಪಾಯಿ ನಾಣ್ಯ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ, ಹಾಗೇ. ಅಂಗೈಯಷ್ಟು ಅಂತರಕ್ಕೊಂದರಂತೆ ತಟ್ಟುತ್ತಾ ಹೋಗೋದು. ಗಟ್ಟಿ ಜಾಗದಲ್ಲಿ 'ಟಕ್ ಟಕ್', ಕೊಳೆತ ಜಾಗದಲ್ಲಿ 'ಡಬ್ ಡಬ್'. ಸದ್ದು ಬದಲಾದ ಕಡೆ ಪೆನ್ಸಿಲ್ ಗುರುತು. ನಮ್ಮ ಡೆಕ್ಕಿನ ಮೇಲೆ ಗುರುತು ಸೇರಿಸಿದಾಗ ಪ್ರತಿ ದ್ವೀಪದ ನಡುವೆಯೂ ಒಂದು ಬೋಲ್ಟ್ ಇತ್ತು, ಒಂದೂ ತಪ್ಪದೆ. ತೇವ ಅಳೆಯುವ ಮೀಟರ್ ಕೂಡ ಬರುತ್ತೆ. ಗಾಜಿನ ಮೇಲಿಂದ ಅದು ತೋರಿಸುವ ಸಂಖ್ಯೆಯನ್ನು ಹಾಗೇ ನಂಬಬೇಡಿ, ಒಂದು ಜಾಗಕ್ಕೂ ಇನ್ನೊಂದಕ್ಕೂ ಹೋಲಿಸಕ್ಕೆ ಮಾತ್ರ ಬಳಸಿ. ಕೊನೆಗೆ, ಅನುಮಾನ ಇರೋ ಕಡೆ ಒಳಗಿನ ಪದರದಿಂದ 5 ಮಿ.ಮೀ ಡ್ರಿಲ್ ಹಾಕಿ, ಆಚೆ ಕಡೆಯ ಪದರ ದಾಟದ ಹಾಗೆ. ಒಣಗಿದ ತಿಳಿ ಬಣ್ಣದ ಹೊಟ್ಟು ಬಂದರೆ ಬದುಕಿದೆವು. ನಮ್ಮ ಟ್ರಾನ್ಸಮ್ಮಿನಿಂದ ಬಂದಿದ್ದು ಕಾಫಿ ಗಸಿ. ಬಣ್ಣವೂ ಹಾಗೇ, ತೇವವೂ ಹಾಗೇ. ಬೆರಳಲ್ಲಿ ಹಿಂಡಿದ್ರೆ ನೀರು ಬಂತು.

ದಡದಲ್ಲಿ ನಮ್ಮ ಪಕ್ಕ ಕೆಲಸ ಮಾಡ್ತಿದ್ದ ಮೇಸ್ತ್ರಿ ಕುಂದಾಪುರದ ಕಡೆಯವರು, ಮರದ ಬೋಟು ಕಟ್ಟಿಯೇ ಕೈ ಪಳಗಿದವರು. ಬಂದು ಮೂಸಿ ನೋಡಿದ್ರು. "ಪೂರಾ ಕುಂಬು ಮಾರ್ರೆ. ಮ್ಯಾಲ್ ಬಣ್ಣ ಕಂಡ್ ಮರುಳಾಪ್ದಲ್ಲ" ಅಂದ್ರು. ನಾವು ಲಡ್ಡು ಅನ್ನೋದನ್ನ ಕರಾವಳಿಯವರು ಕುಂಬು ಅಂತಾರೆ, ಅದು ಅವತ್ತು ಗೊತ್ತಾಯ್ತು.

ಇಲ್ಲಿ ನಮ್ಮ ನಾಲ್ವರಲ್ಲಿ ಜಗಳ ಶುರು ಆಯ್ತು. ಒಬ್ಬನ ವಾದ: ಸಣ್ಣ ತೂತುಗಳನ್ನು ಕೊರೆದು ತೆಳು ಎಪಾಕ್ಸಿ ಸುರಿದುಬಿಡೋಣ, ಒಳಗೆ ಹೋಗಿ ಗಟ್ಟಿ ಆಗುತ್ತೆ. ಇನ್ನೊಬ್ಬನದು: ಪುಟ್ಟಿ ಹಾಕಿ ಬಣ್ಣ ಹೊಡೆದು ಮಾರಿಬಿಡೋಣ. ನಮಗೆ ಮಾರಿದವರು ಮಾಡಿದ್ದೂ ಅದನ್ನೇ ಅಲ್ವಾ ಅಂದ. ನಿಜ. ಹಳೇ ಜೆಲ್‌ಕೋಟ್ ಕೆರೆದಾಗ ಎಂಜಿನ್ ಬೋಲ್ಟಿನ ಸುತ್ತ ಕಾರಿಗೆ ಹಾಕುವ ಪುಟ್ಟಿ ಅಂಗೈ ಅಗಲ ಸಿಕ್ಕಿತ್ತು. ಯಾರೋ ಗೊತ್ತಿದ್ದೇ ಮುಚ್ಚಿದ್ದರು. ಆದ್ರೆ ಆ ಪುಟ್ಟಿ ನಮ್ಮ ಕೈಗೆ ಬಂದ ಮೇಲೆ ಮುಂದಿನ ಮಾಲೀಕನ ಮಕ್ಕಳ ವಿಚಾರವೂ ನಮ್ಮ ತಲೆಗೇ ಬಂತು. ಎರಡು ವಾರ ವಾಟ್ಸಾಪ್‌ನಲ್ಲಿ ಮಾತು ಬಿಟ್ಟು, ಮೂರನೇ ವಾರ ಮೂರು ವೋಟಿಗೆ ಒಂದು ವೋಟಿನಲ್ಲಿ ಬಿಚ್ಚೋದು ಅಂತ ತೀರ್ಮಾನ ಆಯ್ತು. ಮಾರಬೇಕೆಂದವನು ತನ್ನ ಪಾಲು ನಮಗೇ ಬಿಟ್ಟು ಹೋದ. ಈಗಲೂ ಗೆಳೆಯನೇ, ಬೋಟಿನ ಸುದ್ದಿ ಮಾತ್ರ ಎತ್ತಲ್ಲ.

ತೆಳು ಎಪಾಕ್ಸಿ ಸುರಿಯುವ ಉಪಾಯದ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ. ಕಿಟಕಿ ಚೌಕಟ್ಟಿಗೋ ಬಾಗಿಲ ಮೂಲೆಗೋ ಅದು ಸರಿ ಇರಬಹುದು. ಭಾರ ಹೊರುವ ಜಾಗಕ್ಕೆ ಬೇಡ. ದ್ರವ ಹೋಗೋದು ಗಾಳಿ ಇರುವ ಕಡೆ. ಒದ್ದೆ ಮರದಲ್ಲಿ ಆ ಜಾಗವನ್ನು ನೀರು ಮೊದಲೇ ಹಿಡಿದಿರುತ್ತೆ. ಗಟ್ಟಿಯಾಗಬೇಕಾದ ಕಡೆಗೆ ಎಪಾಕ್ಸಿ ಹೋಗಲ್ಲ, ಹೋದ ಕಡೆ ಒಳಗಿನ ತೇವವನ್ನು ಇನ್ನೂ ಭದ್ರವಾಗಿ ಸೀಲ್ ಮಾಡುತ್ತೆ. ಇನ್ನೊಂದು, ಶಿಲೀಂಧ್ರ ತಿಂದ ಮರ ಕಣ್ಣಿಗೆ ಚೆನ್ನಾಗಿ ಕಾಣ್ತಿರುವಾಗಲೇ ಅದರ ಬಲ ಬಹಳಷ್ಟು ಹೋಗಿರುತ್ತೆ. ತೂಕ ಸ್ವಲ್ಪವೇ ಇಳಿದಿರುತ್ತೆ, ತಾಳಿಕೆ ಅರ್ಧಕ್ಕಿಂತ ಕೆಳಗೆ ಇಳಿದಿರಬಹುದು. ಹಾಗಾಗಿ ಕಾಣುವ ಲಡ್ಡಿನ ಅಂಚಿನಿಂದ ಇನ್ನೂ 5ರಿಂದ 10 ಸೆಂ.ಮೀ ಆಚೆ, ಸ್ವಚ್ಛ ಒಣ ಮರ ಸಿಗುವ ತನಕ ಕತ್ತರಿಸಬೇಕು. ಎಕ್ಸೆಪ್ಶನ್ನಿಗೆ ಟ್ರೈ-ಕ್ಯಾಚ್ ಸುತ್ತಿ ಲಾಗ್ ಆಫ್ ಮಾಡಿದ್ರೆ ಬಗ್ ಹೋಗಲ್ಲ, ಅಷ್ಟು ಹೇಳಿದ್ರೆ ನಮ್ಮ ಮಂದಿಗೆ ಸಾಕು.

ಈಗ ಮುಂಬೈಯ ಫಜೀತಿ. ಬೋಟು ದಡದ ಮೇಲೆ ಇರೋದು ಮಳೆಗಾಲದಲ್ಲಿ ಮಾತ್ರ. ಅಂದ್ರೆ ರಿಪೇರಿಗೆ ಸಿಗುವ ನಾಲ್ಕು ತಿಂಗಳೇ ಮರ ಒಣಗಿಸಕ್ಕೆ ಅತಿ ಕೆಟ್ಟ ನಾಲ್ಕು ತಿಂಗಳು. ಮರ ತನ್ನ ಸುತ್ತಲಿನ ಗಾಳಿಯ ಜೊತೆ ಒಂದು ಸಮತೋಲನಕ್ಕೆ ಬರುತ್ತೆ. ಆಷಾಢದಲ್ಲಿ ಊರಿನ ಬಾಗಿಲು ಉಬ್ಬಿ ಹಾಕಕ್ಕೆ ಬರಲ್ಲ, ಶಿವರಾತ್ರಿ ಹೊತ್ತಿಗೆ ಸಂದು ಬಿಟ್ಟು ಗಾಳಿ ಬರುತ್ತಲ್ಲ, ಅದೇ. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ತೇವಾಂಶ ಶೇ. 90 ಇದ್ದರೆ ಮರದ ತೇವ ಹೆಚ್ಚುಕಡಿಮೆ ಶೇ. 20ಕ್ಕೆ ನಿಲ್ಲುತ್ತೆ. ಎಷ್ಟು ದಿನ ಫ್ಯಾನ್ ಹಾಕಿದರೂ ಅಷ್ಟೇ, ಅದಕ್ಕಿಂತ ಒಣಗಲ್ಲ. ಎಪಾಕ್ಸಿ ಹಚ್ಚಕ್ಕೆ ಬೇಕಾದ್ದು ಶೇ. 12 ಅಥವಾ ಅದಕ್ಕಿಂತ ಕಡಿಮೆ. ಅದಕ್ಕೆ ಸುತ್ತಲ ಗಾಳಿ ಶೇ. 65ರ ಒಳಗೆ ಇರಬೇಕು. ಜುಲೈನಲ್ಲಿ ಬಯಲಲ್ಲಿ ಇದು ಆಗದ ಮಾತು.

ಹಾಗಾಗಿ ಬೋಟಿಗೆ ಒಂದು ಕೋಣೆ ಕಟ್ಟಿದೆವು. ಬಿದಿರಿನ ಗಳ, ಮೇಲೆ ತಾಡಪಾಲು, ಒಳಗೆ ಇನ್ನೊಂದು ಪ್ಲಾಸ್ಟಿಕ್ ಹಾಳೆ, ಬೋಟಿನ ಕೆಳಗೆ ನೆಲಕ್ಕೂ ಪ್ಲಾಸ್ಟಿಕ್. ನೆಲದಿಂದ ಬರುವ ತೇವವನ್ನು ಎಲ್ಲರೂ ಮರೀತಾರೆ. ಒಳಗೆ ಬಾಡಿಗೆಗೆ ತಂದ ಡಿಹ್ಯೂಮಿಡಿಫೈಯರ್ ಒಂದು, ಸಣ್ಣ ಫ್ಯಾನ್ ಒಂದು, ತೇವ ತೋರಿಸುವ ಅಗ್ಗದ ಮೀಟರ್ ಒಂದು. ಮೊದಲ ವಾರ ಬಕೆಟ್‌ಗಟ್ಟಲೆ ನೀರು ಬಂತು. ಆಮೇಲೆ ಕಡಿಮೆ ಆಗ್ತಾ ಬಂತು. ಕೊಳೆತದ್ದನ್ನೆಲ್ಲ ಮೊದಲೇ ಕಿತ್ತು ತೆಗೆದಿದ್ದೆವು, ಒಣಗಬೇಕಾಗಿದ್ದು ಅಂಚಿನ ಒಳ್ಳೆ ಮರ ಮಾತ್ರ. ಅದಕ್ಕೂ ಮೂರು ವಾರ ಹಿಡಿಯಿತು. ಈ ಮೂರು ವಾರವನ್ನು ಉಳಿಸಕ್ಕೆ ಹೋಗುವವರೇ ಎರಡು ವರ್ಷಕ್ಕೆ ಮತ್ತೆ ಬಿಚ್ಚೋದು.

ಬಿಚ್ಚೋದು ಯಾವ ಕಡೆಯಿಂದ ಅನ್ನೋದೂ ಮುಖ್ಯ. ಟ್ರಾನ್ಸಮ್ಮನ್ನು ಒಳಗಿನಿಂದ ಬಿಚ್ಚಿದೆವು. ಹೊರಗಿನ ಪದರ ಬೋಟಿನ ಆಕಾರ ಹಿಡಿದಿರುತ್ತೆ, ಅದನ್ನು ಮುಟ್ಟದಿದ್ದರೆ ಅದೇ ಅಚ್ಚು. ಒಳಪದರವನ್ನು ಸುತ್ತ 5 ಸೆಂ.ಮೀ ಅಂಚು ಬಿಟ್ಟು ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆದು, ಮರವನ್ನು ಉಳಿಯಿಂದ ಕಿತ್ತೆವು. ಒದ್ದೆ ಮರ ಹಸಿ ಗೆಣಸಿನ ಹಾಗೆ ಬಂತು, ಒಂದು ಮೂಲೆಯ ಒಳ್ಳೆ ಮರಕ್ಕೆ ಮಾತ್ರ ಅರ್ಧ ದಿನ. ಡೆಕ್ಕನ್ನು ಮೇಲಿಂದ ಬಿಚ್ಚೋದು ವಾಸಿ. ಕೆಳಗಿನಿಂದ ಮಾಡಿದ್ರೆ ಒಳ್ಳೆ ಬಣ್ಣ ಉಳಿಯುತ್ತೆ ನಿಜ, ಆದ್ರೆ ಅಂಟು, ಒದ್ದೆ ಗಾಜಿನ ಬಟ್ಟೆ ಎಲ್ಲಾ ನಮ್ಮ ಮುಖದ ಮೇಲೇ ಬೀಳುತ್ತೆ. ಹಾಂ, ಗಾಜಿನ ಧೂಳು. ಎನ್95 ಮಾಸ್ಕ್, ಮುಚ್ಚಿದ ಕನ್ನಡಕ, ತುಂಬುತೋಳಿನ ಅಂಗಿ, ಸಂಜೆ ತಣ್ಣೀರ ಸ್ನಾನ. ಇದರಲ್ಲಿ ಚೌಕಾಸಿ ಬೇಡ.

ಹೊಸ ಮರ ಯಾವುದು? ಅಂಗಡಿಯಲ್ಲಿ 'ವಾಟರ್‌ಪ್ರೂಫ್' ಅಂದ್ರೆ ನಂಬಬೇಡಿ, ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ. ಅದು ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ, ಅದರ ಅಂಟು ಕುದಿಯುವ ನೀರಿನ ಪರೀಕ್ಷೆ ದಾಟಿರಬೇಕು. ಕಿಚನ್ ಕ್ಯಾಬಿನೆಟ್ಟಿಗೆ ಮಾಮೂಲಾಗಿ ಕೊಡುವ ಐಎಸ್ 303 ಬೇರೆ. ಕತ್ತರಿಸಿದ ಅಂಚು ನೋಡಿ, ಪದರಗಳ ನಡುವೆ ಸಂದು ಕಂಡರೆ ವಾಪಸ್ ಕೊಡಿ. ಸ್ಕ್ರೂ, ಡ್ರಿಲ್ ಬಿಟ್, ಕ್ಲಾಂಪ್ ಎಲ್ಲ ನಾಗದೇವಿ ಸ್ಟ್ರೀಟ್‌ನಲ್ಲಿ ಸಿಕ್ಕವು. ಆ ಬೀದಿಯಲ್ಲಿ ಒಂದು ಶನಿವಾರ ಕಳೆಯೋದು ಮಾಲ್‌ಗಿಂತ ಮೇಲು.

ಅಂಟು ಎಪಾಕ್ಸಿಯೇ ಇರಲಿ. ಬೋಟು ಮೊದಲು ಕಟ್ಟಿದ್ದು ಪಾಲಿಯೆಸ್ಟರ್ ರೆಸಿನ್‌ನಲ್ಲಿ, ಅದು ಅಗ್ಗ. ಹೊಸದಾಗಿ ಕಟ್ಟುವಾಗ ಸರಿ. ಆದ್ರೆ ಗಟ್ಟಿಯಾದ ಹಳೇ ಪದರಕ್ಕೂ ಮರಕ್ಕೂ ಎಪಾಕ್ಸಿ ಹಿಡಿಯುವಷ್ಟು ಅದು ಹಿಡಿಯಲ್ಲ. ಒಂದು ಎಚ್ಚರಿಕೆ: ಪಾಲಿಯೆಸ್ಟರ್‌ನಲ್ಲಿ ಕೈ ಪಳಗಿದವರು ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಒಂದು ಮುಚ್ಚಳ ಜಾಸ್ತಿ ಹಾಕ್ತಾರೆ. ಎಪಾಕ್ಸಿಯಲ್ಲಿ ಹಾಗೆ ಮಾಡಿದ್ರೆ ಅದು ಯಾವತ್ತೂ ಸರಿಯಾಗಿ ಗಟ್ಟಿಯಾಗಲ್ಲ. ಡಬ್ಬಿಯ ಮೇಲಿನ ಅನುಪಾತವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಹಾಕಿ. ಬಿಸಿ ಊರಿಗೆ ನಿಧಾನದ ಹಾರ್ಡನರ್ ಕೊಳ್ಳಿ, ಕಲಸಿದ್ದನ್ನು ಮಗ್ಗಿನಲ್ಲಿ ಬಿಡದೆ ಅಗಲದ ತಟ್ಟೆಗೆ ಸುರಿಯಿರಿ. ಮಗ್ಗಿನಲ್ಲಿ ರಾಶಿ ಇದ್ದರೆ ತನ್ನ ಶಾಖಕ್ಕೆ ತಾನೇ ಕಾದು ಹೊಗೆ ಬರುತ್ತೆ. ಕೈಗೆ ನೈಟ್ರೈಲ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿಕೊಂಡರೆ ಹೋಗಲ್ಲ. ತೇವದ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಬರುತ್ತೆ. ಅದನ್ನು ಪಾತ್ರೆ ಉಜ್ಜುವ ಸ್ಕ್ರಬ್ಬರ್ ಮತ್ತು ಬರೀ ನೀರಲ್ಲಿ ತೊಳೆದೇ ಮುಂದಿನ ಪದರ.

ಜೋಡಣೆ ಹೀಗೆ. ಮರಕ್ಕೆ ಎಲ್ಲಾ ಕಡೆ, ಮುಖ್ಯವಾಗಿ ಅಂಚಿಗೆ, ತೆಳು ಎಪಾಕ್ಸಿ ಕುಡಿಸಿ. ಅದು ಹೀರುತ್ತಿರುವಾಗಲೇ ಸಿಲಿಕಾ ಪುಡಿ ಬೆರೆಸಿ ಬೆಣ್ಣೆಯಷ್ಟು ಮಂದ ಮಾಡಿದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಹರಡಿ. ಒತ್ತಿದಾಗ ಸುತ್ತ ಎಲ್ಲಾ ಕಡೆಯಿಂದ ಸ್ವಲ್ಪ ಹೊರಗೆ ಉಕ್ಕಬೇಕು, ಉಕ್ಕದ ಕಡೆ ಒಳಗೆ ಟೊಳ್ಳು. ಹಳೇ ಎಂಜಿನ್ ತೂತುಗಳಿಗೇ ಮೇಣ ಸವರಿದ ಬೋಲ್ಟ್ ಹಾಕಿ ಬಿಗಿದೆವು. ತೀರಾ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಮರ ಬರಡಾಗುತ್ತೆ. ಮೇಲಿಂದ ಗಾಜಿನ ಬಟ್ಟೆ ಮುಚ್ಚುವಾಗ ಹಳೇ ಪದರದ ಅಂಚನ್ನು 12ಕ್ಕೆ 1ರಂತೆ ಇಳಿಜಾರಾಗಿ ಕೆರೆಯಬೇಕು: 3 ಮಿ.ಮೀ ಪದರಕ್ಕೆ 36 ಮಿ.ಮೀ ಇಳಿಜಾರು. ಹೊಸತು ಹಳತಿನ ಜೊತೆ ಅಂಟುವುದು ಆ ಇಳಿಜಾರಲ್ಲೇ. ಅಲ್ಲಿ ಕಂಜೂಸಿ ಮಾಡಿದ್ರೆ ಇಡೀ ಕೆಲಸ ಒಂದು ದೊಡ್ಡ ಸ್ಟಿಕ್ಕರ್ ಅಷ್ಟೇ. ದೊಡ್ಡ ತುಂಡು ಮೊದಲೋ ಚಿಕ್ಕದು ಮೊದಲೋ ಅನ್ನೋ ಜಗಳ ಈ ಕಸುಬಲ್ಲಿ ಮುಗಿಯೋದಿಲ್ಲ. ನಾನು ದೊಡ್ಡದು ಮೊದಲು ಪಾರ್ಟಿ.

ಇಷ್ಟೆಲ್ಲ ಆದ ಮೇಲೆ ಮತ್ತೆ ಬೋಲ್ಟ್‌ಗೆ ತೂತು ಕೊರೀಬೇಕು. ಮತ್ತೆ ಅದೇ ದಾರಿ ತೆರೆದರೆ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ಅದಕ್ಕೆ ಉಪಾಯ ಇದು. 8 ಮಿ.ಮೀ ಬೋಲ್ಟ್‌ಗೆ ಮೊದಲು 14 ಮಿ.ಮೀ ತೂತು ಕೊರೆಯಿರಿ. ಕೆಳಗೆ ಟೇಪ್ ಅಂಟಿಸಿ, ಆ ತೂತನ್ನು ಪೂರ್ತಿ ಮಂದ ಎಪಾಕ್ಸಿಯಿಂದ ತುಂಬಿ. ಗಟ್ಟಿಯಾದ ಮೇಲೆ ಅದರ ನಡುವೆ 8 ಮಿ.ಮೀ ಕೊರೆಯಿರಿ. ಈಗ ಬೋಲ್ಟ್‌ನ ಸುತ್ತ ಮರವೇ ಇಲ್ಲ, 3 ಮಿ.ಮೀ ಎಪಾಕ್ಸಿ ಕೊಳವೆ ಇದೆ. ಸೀಲಂಟ್ ಬಿರಿದರೂ ನೀರು ನೇರ ಕೆಳಗೆ ತೊಟ್ಟಿಕ್ಕುತ್ತೆ, ಹಾಸಿಗೆ ಒದ್ದೆಯಾಗುತ್ತೆ, ನಿಮಗೆ ಸಿಟ್ಟು ಬರುತ್ತೆ, ಆದ್ರೆ ಮರಕ್ಕೆ ತಾಗಲ್ಲ. ಸೋರೋದು ಕಾಣುತ್ತೆ ಅನ್ನೋದೇ ಇದರ ಲಾಭ. ಸೀಲಂಟ್ ಸಿಲಿಕೋನ್ ಬೇಡ. ಒಮ್ಮೆ ಅದು ಸವರಿದ ಜಾಗದಲ್ಲಿ ಮುಂದೆ ಬಣ್ಣವಾಗಲಿ ಎಪಾಕ್ಸಿಯಾಗಲಿ ಹಿಡಿಯಲ್ಲ. ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್ ಕೇಳಿ.

ನಮ್ಮ ಬೋಟಿನಲ್ಲಿ ಇಂಥ ತೂತು 64 ಇದ್ದವು. ಬೇಡದ 11ನ್ನು ಮುಚ್ಚಿಬಿಟ್ಟೆವು, ಮೊಬೈಲ್ ಹೋಲ್ಡರ್ ಸೇರಿ. ಮಿಕ್ಕಿದ್ದನ್ನೆಲ್ಲ ಹೀಗೆ ಮಾಡಿದೆವು. ಮರ ಬದಲಾಯಿಸಿದ್ದಕ್ಕಿಂತ ಹೆಚ್ಚು ದಿನ ಇದಕ್ಕೇ ಹೋಯ್ತು, ಸುತ್ತಮುತ್ತಲಿನವರು ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಬಂದು ಎರಡು ತೂತಿಗೆ ಬೆರಳು ಹಾಕಿ ನೋಡಿ, ತಮ್ಮ ಹುಡುಗನನ್ನು ಕರೆದು ತೋರಿಸಿದರು.

ಎರಡು ಸೀಸನ್ ಕಳೆದಿದೆ. ಎಂಜಿನ್ ಹಿಡಿದು ಅಲ್ಲಾಡಿಸಿದ್ರೆ ಈಗ ಬೋಟೇ ಅಲುಗುತ್ತೆ, ಗೋಡೆ ಅಲುಗಲ್ಲ. ಪ್ರತಿ ಮೇ ಕೊನೆಗೆ ದಡಕ್ಕೆ ಎತ್ತಿದ ದಿನವೇ ನಾಣ್ಯ ಹಿಡಿದು ಡೆಕ್ ಪೂರ್ತಿ ತಟ್ತೀವಿ, ಹೋದ ವರ್ಷದ ಗುರುತಿನ ಪಕ್ಕ ಈ ವರ್ಷದ್ದು ಬರೀತೀವಿ. ಒಂದು ಜಾಗ ಉಳಿದಿದೆ. ಹಾಯಿಯ ಕಂಬ ಡೆಕ್ಕಿನ ಮೇಲೆ ಕೂರುವ ಕಡೆ ಸದ್ದು ಪೂರ್ತಿ 'ಟಕ್' ಅಲ್ಲ, ಮೀಟರೂ ಪಕ್ಕಕ್ಕಿಂತ ಜಾಸ್ತಿ ತೋರಿಸ್ತಿದೆ. ಕಂಬದ ಒತ್ತಡವೆಲ್ಲ ಅಲ್ಲಿಗೇ ಇಳಿಯೋದರಿಂದ ಮೊದಲು ಕಂಬ ಇಳಿಸಬೇಕು, ಡೆಕ್ಕಿಗೆ ಒಳಗಿನಿಂದ ಆನಿಕೆ ಕೊಡಬೇಕು, ಬಿಚ್ಚುವ ಮುಂಚೆ ಎತ್ತರದ ಅಳತೆ ಬರೆದಿಟ್ಟುಕೊಳ್ಳಬೇಕು. ಜೂನ್ ಮೊದಲ ವಾರಕ್ಕೆ ಡಿಹ್ಯೂಮಿಡಿಫೈಯರ್ ಬುಕ್ ಆಗಿದೆ. ಅದನ್ನು ಬಿಚ್ಚುವಾಗ ಕ್ಯಾಮೆರಾ ಇಟ್ಟಿರ್ತೀನಿ, ಈ ಸಲ ಮೈಕ್ ಗ್ರೈಂಡರ್‌ನಿಂದ ದೂರ.